ಪಾಲುತೋಟದ ಮೊದಲ ವರ್ಷ

ಸ್ವಂತ ಭೂಮಿಯಿಲ್ಲದ ಗೃಹಸ್ಥನು ತನ್ನ ಮನೆಯ ಅಡುಗೆಗೆ ಬೇಕಾದ ಕಾಯಿಪಲ್ಯವನ್ನು ತನ್ನ ಕೈಯಿಂದಲೇ ಬೆಳೆದುಕೊಳ್ಳಬೇಕೆಂದು ಬಯಸಿದರೆ ಅವನಿಗೆ ದಾರಿಯೇನು? ಈ ಪ್ರಶ್ನೆಗೆ ಇಂಗ್ಲೆಂಡು ಕಳೆದ ಎರಡು ಶತಮಾನಗಳಲ್ಲಿ ಒಂದು ವ್ಯವಸ್ಥಿತವಾದ ಉತ್ತರವನ್ನು ರೂಪಿಸಿಕೊಂಡಿದೆ. ಅಲ್ಲಿನ ಪುರಸಭೆಗಳೂ ಗ್ರಾಮಸಭೆಗಳೂ ಊರಿನ ಅಂಚಿನಲ್ಲಿಯೋ ನಡುವಿನಲ್ಲಿಯೋ ಇರುವ ಭೂಮಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಅಲ್ಪ ಬಾಡಿಗೆಗೆ ಊರವರಿಗೆ ಕೊಡುತ್ತವೆ. ಇದಕ್ಕೆ ‘ಅಲಾಟ್‌ಮೆಂಟ್’ ಎಂದು ಹೆಸರು. ಪಾಲಿಗೆ ಬಂದದ್ದು ಎಂಬುದೇ ಆ ಮಾತಿನ ಅರ್ಥವಾದುದರಿಂದ ಪ್ರಕೃತ ಲೇಖನದಲ್ಲಿ ಅದನ್ನು ‘ಪಾಲುತೋಟ’ ಎಂದು ಕರೆಯಲಾಗಿದೆ. ಕನ್ನಡ ನಾಡಿನ ಕೋರುಪಾಲಿನ ಬೇಸಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬೆಳೆದವನು ಒಡೆಯನಿಗೆ ಬೆಳೆಯಲ್ಲಿ ಪಾಲು ಕೊಡುವುದಿಲ್ಲ. ವರ್ಷಕ್ಕೊಮ್ಮೆ ನಗದು ಬಾಡಿಗೆಯನ್ನಷ್ಟೇ ಸಲ್ಲಿಸುತ್ತಾನೆ.

ಒಂದು ಪಾಲಿನ ಸಾಂಪ್ರದಾಯಿಕ ಅಳತೆ ಹತ್ತು ಚದರ ‘ಪೋಲ್’. ಪೋಲ್ ಎಂಬುದು ಐದೂವರೆ ಗಜದ ಹಳೆಯ ಅಳತೆಗೋಲು. ಹತ್ತು ಚದರ ಪೋಲೆಂದರೆ 302.5 ಚದರ ಗಜ, ಅಂದರೆ ಸುಮಾರು 250 ಚದರ ಮೀಟರು. ಕನ್ನಡ ನಾಡಿನ ರೈತರ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಹೊಲದ ಲೆಕ್ಕದಲ್ಲಿ ಇದು ಅತ್ಯಲ್ಪ. ಆದರೆ ಎತ್ತಿಲ್ಲದ, ಆಳಿಲ್ಲದ, ವಾರಕ್ಕೆ ನಾಲ್ಕಾರು ಗಂಟೆಗಳ ಬಿಡುವಷ್ಟೇ ಉಳ್ಳ ನೌಕರನಿಗೆ ಇದು ಸಣ್ಣ ಹೊಣೆಯಲ್ಲ. ಉತ್ಸಾಹದಿಂದ ಬೀಗದ ಕೈ ಪಡೆದ ಹೊಸ ಸದಸ್ಯರಲ್ಲಿ ಅನೇಕರು ವರ್ಷ ತುಂಬುವುದರೊಳಗೆ ತೋಟವನ್ನು ಕೈಬಿಡುತ್ತಾರೆ. ಅವರು ಕೈಬಿಡುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ. ಇಡೀ ಪಾಲನ್ನು ಒಂದೇ ಬಾರಿಗೆ ಹಸನು ಮಾಡಲು ಹೊರಡುವುದರಿಂದ, ಮತ್ತು ತೋಟವು ತನ್ನೊಬ್ಬನದೆಂದು ತಿಳಿದು ಸುತ್ತಲಿನವರ ಅನುಭವದಿಂದ ದೂರ ಉಳಿಯುವುದರಿಂದ. ಹೊಸಬನು ಮೊದಲ ವರ್ಷ ಏನನ್ನು ಮಾಡಬೇಕು, ಏನನ್ನು ಮಾಡದೆ ಬಿಡಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಪಾಲುತೋಟವು ದಯೆಯಿಂದ ಹುಟ್ಟಿದುದಲ್ಲ, ನಷ್ಟದಿಂದ ಹುಟ್ಟಿದುದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಡವರು ದನ ಮೇಯಿಸಲು, ಸೌದೆ ಆಯಲು ಊರೊಟ್ಟಿನ ಭೂಮಿಗಳಿದ್ದುವು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕರೆ ಭೂಮಿಗೆ ಬೇಲಿ ಹಾಕಲು ಒಪ್ಪಿಗೆ ಕೊಟ್ಟಿತು. ಬೇಲಿಯ ಹೊರಗುಳಿದ ಕೂಲಿಕಾರನಿಗೆ ಒಂದು ಹಸುವನ್ನು ಕಟ್ಟಲೂ ನೆಲವಿಲ್ಲದಂತಾಯಿತು. ಈ ಅನ್ಯಾಯವನ್ನು ಅಲ್ಪಮಟ್ಟಿಗಾದರೂ ತುಂಬಿಕೊಡಬೇಕೆಂಬ ಒತ್ತಾಯದ ಫಲವಾಗಿ, 1845ರ ಶಾಸನದಲ್ಲಿ ದುಡಿಯುವ ಬಡವರ ತೋಟಗಳಿಗೆಂದು ಸ್ವಲ್ಪ ನೆಲವನ್ನು ತೆಗೆದಿರಿಸುವ ಏರ್ಪಾಡು ಬಂದಿತು. 1887ರ ಶಾಸನವು ಆ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. 1908ರ ‘ಸಣ್ಣ ಹಿಡುವಳಿ ಮತ್ತು ಅಲಾಟ್‌ಮೆಂಟ್’ ಶಾಸನವು ಹಿಂದಿನವುಗಳನ್ನೆಲ್ಲ ಒಂದುಗೂಡಿಸಿತು. ಇಂದಿಗೂ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಈ ವ್ಯವಸ್ಥೆಗೆ ಅದೇ ಆಧಾರ.

ಎರಡು ಮಹಾಯುದ್ಧಗಳು ಪಾಲುತೋಟಕ್ಕೆ ರಾಷ್ಟ್ರೀಯ ಮಹತ್ತ್ವವನ್ನು ತಂದುವು. ಹಡಗುಗಳ ಮೂಲಕ ಬರುತ್ತಿದ್ದ ಆಹಾರಕ್ಕೆ ತಡೆಯುಂಟಾದಾಗ ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಅಗೆದು ಗೆಡ್ಡೆ-ಗೆಣಸು ಬೆಳೆಯಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ತೋಟಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತ್ತು. ಯುದ್ಧಾನಂತರ ಅದು ಇಳಿಯುತ್ತ ಬಂದು ಈಗ ಮೂರು ಲಕ್ಷದ ಆಸುಪಾಸಿನಲ್ಲಿದೆ. ನಾಟಿಂಗ್‌ಹ್ಯಾಮ್ ನಗರದ ಸೇಂಟ್ ಆ್ಯನ್ಸ್ ಎಂಬಲ್ಲಿ ಸುಮಾರು 75 ಎಕರೆಯಷ್ಟು ವಿಸ್ತಾರವಾದ ಹಳೆಯ ತೋಟಸಮೂಹವೊಂದು ಉಳಿದುಬಂದಿದ್ದು, ಅದಕ್ಕೆ ರಾಷ್ಟ್ರೀಯ ಪರಂಪರೆಯ ರಕ್ಷಣೆ ದೊರೆತಿದೆ.

ಶಿಕ್ಷಕರಿಗೆ ವಿಶೇಷವಾಗಿ ರುಚಿಸುವ ಇನ್ನೊಂದು ಕಥೆ ಜರ್ಮನಿಯದು. ಲೈಪ್‌ಜಿಗ್ ನಗರದಲ್ಲಿ ಎರ್ನ್‌ಸ್ಟ್ ಇನ್ನೊಸೆಂಟ್ಸ್ ಹೌಶಿಲ್ಡ್ ಎಂಬ ಶಾಲಾ ಮುಖ್ಯಸ್ಥನು 1864ರಲ್ಲಿ ಪೋಷಕರನ್ನೂ ಶಿಕ್ಷಕರನ್ನೂ ಕೂಡಿಸಿ ಒಂದು ಸಂಘವನ್ನು ಕಟ್ಟಿದನು. ಮಕ್ಕಳ ವ್ಯಾಯಾಮಕ್ಕಾಗಿ ವಾದಿಸಿ 1861ರಲ್ಲಿ ತೀರಿಕೊಂಡಿದ್ದ ವೈದ್ಯ ಮೊರಿಟ್ಸ್ ಶ್ರೇಬರ್‌ನ ಹೆಸರನ್ನು ಅದಕ್ಕೆ ಇಟ್ಟನು. ಆ ಸಂಘದ ಆಟದ ಬಯಲಿನ ಅಂಚಿನಲ್ಲಿ ಗೆಸೆಲ್ ಎಂಬ ಉಪಾಧ್ಯಾಯನು ಮಕ್ಕಳಿಗಾಗಿ ಸಣ್ಣ ಮಡಿಗಳನ್ನು ಮಾಡಿಸಿದನು. ಮಕ್ಕಳ ಆಸಕ್ತಿ ಬಹುಕಾಲ ನಿಲ್ಲಲಿಲ್ಲ. ಮಡಿಗಳಲ್ಲಿ ಕಳೆ ತುಂಬಿತು. ಆಗ ತಂದೆತಾಯಿಗಳು ಕೈಹಚ್ಚಿದರು. ಮಕ್ಕಳ ಮಡಿಗಳು ಕುಟುಂಬದ ತೋಟಗಳಾದುವು. ಜರ್ಮನಿಯಲ್ಲಿ ಇಂದಿಗೂ ಇಂಥ ತೋಟಕ್ಕೆ ‘ಶ್ರೇಬರ್ ತೋಟ’ ಎಂದೇ ಹೆಸರು. ಶ್ರೇಬರನು ಮಾತ್ರ ಇವುಗಳಲ್ಲಿ ಒಂದನ್ನೂ ಕಂಡವನಲ್ಲ.

ಹಕ್ಕು ಮತ್ತು ಕರಾರು

ಇಂಗ್ಲೆಂಡಿನಲ್ಲಿ ಪಾಲುತೋಟವನ್ನು ಬಯಸುವವನು ಪುರಸಭೆಗಾಗಲಿ ತೋಟವನ್ನು ನಡೆಸುವ ಸ್ಥಳೀಯ ಸಂಘಕ್ಕಾಗಲಿ ಅರ್ಜಿ ಸಲ್ಲಿಸಬೇಕು. ತೋಟವೇ ಇಲ್ಲದ ಊರಿನಲ್ಲಿ, ಮತದಾರರೋ ತೆರಿಗೆದಾರರೋ ಆದ ಆರು ಮಂದಿ ಕೂಡಿ ಲಿಖಿತವಾಗಿ ಕೇಳಿದರೆ ಸ್ಥಳೀಯ ಆಡಳಿತವು ಅದನ್ನು ಪರಿಶೀಲಿಸಲೇಬೇಕೆಂದು 1908ರ ಶಾಸನವೇ ಹೇಳುತ್ತದೆ. ಆದರೆ ಕೇಳಿದ ಕೂಡಲೆ ನೆಲ ದೊರೆಯುವುದು ಅಪರೂಪ. 2011ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಪ್ರತಿ 100 ತೋಟಗಳಿಗೆ 57 ಮಂದಿ ಕಾಯುತ್ತಿದ್ದುದು ಕಂಡುಬಂದಿತು. ಸ್ಕಾಟ್ಲೆಂಡಿನ 2015ರ ಶಾಸನವು ಅರ್ಜಿದಾರನು ಐದು ವರ್ಷಕ್ಕಿಂತ ಹೆಚ್ಚು ಕಾಯದಂತೆ ಸ್ಥಳೀಯ ಆಡಳಿತವು ಯುಕ್ತ ಕ್ರಮ ಕೈಕೊಳ್ಳಬೇಕೆಂದು ವಿಧಿಸಿದೆ. ಈ ಮಾತೇ ಕಾಯುವಿಕೆ ಎಷ್ಟು ದೀರ್ಘವಾಗಬಲ್ಲುದೆಂಬುದನ್ನು ತಿಳಿಸುತ್ತದೆ.

ಪಾಲು ದೊರೆತಾಗ ಹೊಸಬನು ಮೊದಲು ಓದಬೇಕಾದುದು ಬೀಜದ ಪಟ್ಟಿಯನ್ನಲ್ಲ, ಕರಾರು ಪತ್ರವನ್ನು. ಬಾಡಿಗೆಯಲ್ಲಿ ನೀರಿನ ಶುಲ್ಕ ಸೇರಿದೆಯೆ? ಬೀಗದ ಕೈಗೆ ಠೇವಣಿ ಎಷ್ಟು? ಗುಡಿಸಲು ಕಟ್ಟಲು ಅಪ್ಪಣೆ ಬೇಕೆ? ಹಣ್ಣಿನ ಮರ ನೆಡಬಹುದೆ? ಕಸವನ್ನು ಯಾವ ತಿಂಗಳುಗಳಲ್ಲಿ ಸುಡಬಹುದು? ರಬ್ಬರ್ ಕೊಳವೆಯಿಂದ ನೀರು ಹಾಯಿಸಬಹುದೆ, ಇಲ್ಲವೆ ತೊಟ್ಟಿಯಿಂದ ಕೊಡದಲ್ಲಿ ಹೊರಬೇಕೆ? ಎಷ್ಟು ಭಾಗವನ್ನು ಎಷ್ಟು ತಿಂಗಳೊಳಗೆ ಸಾಗುವಳಿಗೆ ತರಬೇಕು? ಈ ಸಂಗತಿಗಳು ಸಂಘದಿಂದ ಸಂಘಕ್ಕೆ ಬದಲಾಗುವುದರಿಂದ ಒಂದೆಡೆಯ ಅನುಭವವನ್ನು ಇನ್ನೊಂದೆಡೆಗೆ ಹೊಂದಿಸುವುದು ಸರಿಯಲ್ಲ.

ಕಾನೂನು ಬಾಡಿಗೆದಾರನನ್ನು ರಕ್ಷಿಸುತ್ತದೆ, ಅಂತೆಯೇ ಎಚ್ಚರಿಸುತ್ತದೆ. ಪಾಲುತೋಟಕ್ಕೆಂದೇ ಪಡೆದ ಭೂಮಿಯನ್ನು ಸಂಬಂಧಪಟ್ಟ ಮಂತ್ರಿಯ ಒಪ್ಪಿಗೆಯಿಲ್ಲದೆ ಪುರಸಭೆಯು ಮಾರಬಾರದೆಂದು 1925ರ ಶಾಸನ ವಿಧಿಸಿದೆ. ಒಡೆಯನು ಕಾರಣವಿಲ್ಲದೆ ತೆರವು ಮಾಡಿಸಬೇಕಾದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಮುನ್ಸೂಚನೆ ಕೊಡಬೇಕು. ಆದರೆ ಬಾಡಿಗೆ 40 ದಿನಗಳಷ್ಟು ಬಾಕಿಯಾದರೆ, ಅಥವಾ ಮೂರು ತಿಂಗಳು ಕಳೆದ ಮೇಲೂ ನಿಯಮಗಳು ಪಾಲನೆಯಾಗದಿದ್ದರೆ, ಒಂದೇ ತಿಂಗಳ ಸೂಚನೆಯಿಂದ ಪಾಲನ್ನು ಹಿಂದಕ್ಕೆ ಪಡೆಯಲು ಪುರಸಭೆಗೆ 1908ರ ಶಾಸನ ಅಧಿಕಾರ ಕೊಟ್ಟಿದೆ. ಪಾಳುಬಿಟ್ಟ ತುಂಡಿನ ಹಿಂದೆ ಸಾಲುಗಟ್ಟಿ ಕಾಯುವವರಿರುವಾಗ ಈ ಕಾಠಿಣ್ಯ ಅನ್ಯಾಯವೆನಿಸದು. ಹೊಸಬನಿಗೆ ಬಂದಿರುವುದು ಸ್ವತ್ತಲ್ಲ, ಸಾಗುವಳಿಯ ಹೊಣೆ.

ಗುದ್ದಲಿಗೆ ಮೊದಲು ನೋಟ

ಬೀಗದ ಕೈ ಬಂದ ದಿನವೇ ಅಗೆಯಲು ತೊಡಗುವುದು ಸ್ವಾಭಾವಿಕವಾದ ಉತ್ಸಾಹ. ಆದರೆ ಒಂದೆರಡು ವಾರ ಸುಮ್ಮನೆ ನೋಡುವುದರಿಂದ ಆಗುವ ಲಾಭ ದೊಡ್ಡದು. ಬೆಳಗ್ಗೆ ಎಲ್ಲಿ ಬಿಸಿಲು ಬೀಳುತ್ತದೆ, ಸಂಜೆ ಎಲ್ಲಿ ನೆರಳು ಕವಿಯುತ್ತದೆ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ನೀರಿನ ತೊಟ್ಟಿ ಎಷ್ಟು ಹೆಜ್ಜೆ ದೂರ, ಬೀಸುಗಾಳಿ ಯಾವ ದಿಕ್ಕಿನದು ಎಂಬುದನ್ನು ಒಂದು ಕಾಗದದ ಮೇಲೆ ಗುರುತಿಸಬೇಕು. ಹಿಡಿ ಮಣ್ಣನ್ನು ಒದ್ದೆ ಮಾಡಿ ಹಿಸುಕಿ ನೋಡಿದರೆ ಅದು ಜಿಗುಟಿನದೋ ಮರಳಿನದೋ ತಿಳಿಯುತ್ತದೆ. ಜಿಗುಟು ಮಣ್ಣನ್ನು ಚಳಿಗಾಲದ ತೇವದಲ್ಲಿ ತುಳಿದರೆ ಅದು ಗಟ್ಟಿಯಾಗಿ ಬೇರಿಗೆ ಉಸಿರಾಡಲು ಎಡೆಯಿಲ್ಲದಂತಾಗುತ್ತದೆ. ಹಲಗೆ ಹಾಸಿ ಅದರ ಮೇಲೆ ನಿಂತು ಕೆಲಸ ಮಾಡುವುದು ಅಲ್ಲಿನ ವಾಡಿಕೆ.

ಹಿಂದಿನವರು ನೆಟ್ಟುಹೋದ ಗಿಡಗಳನ್ನು ಕೂಡಲೆ ಕೀಳಬಾರದು. ಚಳಿಗಾಲದಲ್ಲಿ ಒಣಕಡ್ಡಿಯಂತೆ ಕಾಣುವುದು ಬೇಸಗೆಯಲ್ಲಿ ಹಣ್ಣು ಕೊಡುವ ಪೊದೆಯಾಗಿರಬಹುದು. ಯಾವುದು ಏನೆಂಬುದನ್ನು ಪಕ್ಕದ ಪಾಲಿನ ಹಿರಿಯರನ್ನು ಕೇಳಬೇಕು. ಹಿಂದಿನವನು ಎಲ್ಲಿ ಯಾವ ಬೆಳೆ ಹಾಕಿದ್ದನು, ಯಾವ ರೋಗ ಬಂದಿತ್ತು, ಈ ಸ್ಥಳದಲ್ಲಿ ಕಡೆಯ ಹಿಮ ಎಂದು ಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿಯೇ ಇಪ್ಪತ್ತು ವರ್ಷ ಮಣ್ಣು ಮುಟ್ಟಿದವರ ಬಾಯಲ್ಲಿ ಸಿಗುತ್ತದೆ.

ಕಾಲು ಭಾಗದಿಂದ ಆರಂಭ

ಹೊಸಬರಿಗೆ ಅನುಭವಿಗಳು ಒಮ್ಮತದಿಂದ ಹೇಳುವ ಮಾತೆಂದರೆ, ಪಾಲನ್ನು ನಾಲ್ಕು ಭಾಗ ಮಾಡಿ ಮೊದಲು ಒಂದನ್ನು ಮಾತ್ರ ಹಸನು ಮಾಡಬೇಕು ಎಂಬುದು. ಎರಡೂವರೆ ಗುಂಟೆಯಲ್ಲಿ ಕಾಲು ಭಾಗವೆಂದರೆ ಸುಮಾರು 60 ಚದರ ಮೀಟರು. ಒಂದು ಸಂಸಾರದವರು ಬಿಡುವಿನ ವೇಳೆಯಲ್ಲಿ ಮೊದಲ ವರ್ಷ ಚೆನ್ನಾಗಿ ನೋಡಿಕೊಳ್ಳಬಹುದಾದ ನೆಲ ಇಷ್ಟೆ. ಉಳಿದ ಮುಕ್ಕಾಲು ಭಾಗವನ್ನು ಬರಿದಾಗಿ ಬಿಡಬಾರದು. ಅದರ ಮೇಲಿನ ಹುಲ್ಲನ್ನು ಕತ್ತರಿಸಿ, ಬೆಳಕು ತೂರದ ಕಪ್ಪು ಹಾಸನ್ನಾಗಲಿ, ಒಂದರ ಮೇಲೊಂದು ಬರುವಂತೆ ಅಟ್ಟೆಪೆಟ್ಟಿಗೆಯ ಹಾಳೆಗಳನ್ನಾಗಲಿ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಬೇಕು. ಬೆಳಕಿಲ್ಲದೆ ಕಳೆ ಸೊರಗುತ್ತದೆ. ಮುಂದಿನ ವರ್ಷದ ಕೆಲಸ ತಾನಾಗಿಯೇ ಅರ್ಧ ಮುಗಿದಿರುತ್ತದೆ. ಹೀಗೆ ಹೊದಿಸಿದುದನ್ನು ಸಂಘವು ಸಾಗುವಳಿಯೆಂದು ಎಣಿಸುತ್ತದೆಯೆ, ಎಷ್ಟು ಕಾಲದವರೆಗೆ ಎಣಿಸುತ್ತದೆ ಎಂಬುದನ್ನು ಕಾರ್ಯದರ್ಶಿಯಿಂದ ಮೊದಲೇ ತಿಳಿದಿರಬೇಕು. ಪೂರ್ಣ ಪಾಲು ಹೆಚ್ಚೆನಿಸಿದರೆ ಅರ್ಧ ಪಾಲನ್ನೇ ಕೇಳಿ ಪಡೆಯುವ ಅನುಕೂಲ ಹಲವು ಕಡೆಗಳಲ್ಲಿದೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಕಳೆಗಳಲ್ಲಿ ಎರಡು ವರ್ಗ. ಬೀಜದಿಂದ ಹುಟ್ಟಿ ಒಂದೇ ವರ್ಷ ಬಾಳುವುವು ಒಂದು ವರ್ಗ. ಇವುಗಳನ್ನು ಬಿಸಿಲಿನ ದಿನ ಉದ್ದ ಹಿಡಿಯ ಕಳೆಗುದ್ದಲಿಯಿಂದ ಮೇಲಮೇಲೆ ಕೆರೆದರೆ ಸಾಕು. ನೆಲದೊಳಗೆ ಬೇರು ಹರಡಿ ವರ್ಷ ವರ್ಷವೂ ಚಿಗುರುವುವು ಇನ್ನೊಂದು ವರ್ಗ. ಇಂಗ್ಲೆಂಡಿನ ಕೌಚ್ ಹುಲ್ಲು, ಬೈಂಡ್‌ವೀಡ್ ಎಂಬ ಸುತ್ತುಬಳ್ಳಿ, ಹಾರ್ಸ್‌ಟೇಲ್ ಇವು ಈ ಜಾತಿಯವು. ಗರಿಕೆಯನ್ನೂ ಜೇಕನ್ನೂ ಬಲ್ಲ ಕನ್ನಡಿಗರಿಗೆ ಇವುಗಳ ಸ್ವಭಾವ ಅಪರಿಚಿತವಲ್ಲ. ಇಂಥ ನೆಲಕ್ಕೆ ಅವಸರದಿಂದ ರೋಟವೇಟರ್ ಹೊಡೆಯಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಯಂತ್ರವು ಒಂದು ಬೇರನ್ನು ಹತ್ತು ತುಂಡು ಮಾಡುತ್ತದೆ. ಪ್ರತಿ ತುಂಡೂ ಒಂದು ಗಿಡವಾಗುತ್ತದೆ. ಆ ದಿನ ತೋಟ ಕನ್ನಡಿಯಂತೆ ಕಾಣುತ್ತದೆ. ತಿಂಗಳೊಪ್ಪತ್ತಿನಲ್ಲಿ ಮೊದಲಿಗಿಂತ ದಟ್ಟವಾದ ಹಸುರು ಎದ್ದಿರುತ್ತದೆ. ಹಲ್ಲುಗಳುಳ್ಳ ಫೋರ್ಕಿನಿಂದ ಮಣ್ಣನ್ನು ಸಡಿಲಿಸಿ ಬೇರನ್ನು ಇಡಿಯಾಗಿ ಎಳೆದು ತೆಗೆಯುವುದು ನಿಧಾನವಾದರೂ ಸರಿಯಾದ ಮಾರ್ಗ.

ಮಣ್ಣಿಗೆ ಆಹಾರ

ಮೊದಲ ವರ್ಷವೇ ಒಂದು ಮೂಲೆಯಲ್ಲಿ ಗೊಬ್ಬರದ ಗೂಡನ್ನು ಕಟ್ಟಬೇಕು. ಹಸಿಯ ಹುಲ್ಲು, ಅಡುಗೆಮನೆಯ ಸಿಪ್ಪೆ ಇವುಗಳೊಡನೆ ಒಣ ಎಲೆ, ಹರಿದ ಅಟ್ಟೆ, ಒಣಕಡ್ಡಿಗಳನ್ನು ಬೆರೆಸುತ್ತ ಬಂದರೆ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಹಸಿಯದೇ ಹೆಚ್ಚಾದರೆ ಅದು ಕೊಳೆತು ನಾರುತ್ತದೆ. ಒಣದೇ ಹೆಚ್ಚಾದರೆ ಕೊಳೆಯುವುದೇ ಇಲ್ಲ. ಬಹುವಾರ್ಷಿಕ ಕಳೆಯ ಬೇರನ್ನೂ ಬೀಜಗಟ್ಟಿದ ಕಳೆಯನ್ನೂ ರೋಗ ಹಿಡಿದ ಗಿಡವನ್ನೂ ಇದರಲ್ಲಿ ಹಾಕಬಾರದು.

ಕೊಟ್ಟಿಗೆ ಗೊಬ್ಬರವು ಎಲ್ಲ ಕಾಲಕ್ಕೂ ಶ್ರೇಷ್ಠ. ಆದರೆ ಅದರ ಮೂಲವನ್ನು ಕೇಳದೆ ತರುವುದು ಈಗ ಕ್ಷೇಮವಲ್ಲ. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಸಿಂಪಡಿಸುವ ಅಮಿನೊಪೈರಲಿಡ್ ಎಂಬ ರಾಸಾಯನಿಕವು ಹುಲ್ಲಿನೊಡನೆ ಪಶುವಿನ ಹೊಟ್ಟೆಯನ್ನು ಹಾದು, ಸಗಣಿಯಲ್ಲಿಯೂ ಉಳಿದು, ತೋಟಕ್ಕೆ ಬರುತ್ತದೆ. 2008ರಲ್ಲಿ ಬ್ರಿಟನ್ನಿನ ಅನೇಕ ಪಾಲುತೋಟಗಳಲ್ಲಿ ಟೊಮ್ಯಾಟೊ, ಆಲೂಗೆಡ್ಡೆ, ಹುರುಳಿ ಜಾತಿಯ ಗಿಡಗಳ ಎಲೆಗಳು ಸುರುಟಿ ಬೆಳೆ ಹಾಳಾದಾಗ ಈ ಸಂಗತಿ ಬೆಳಕಿಗೆ ಬಂದಿತು. ಅದರ ಮಾರಾಟವನ್ನು ಆ ವರ್ಷ ಕೆಲಕಾಲ ತಡೆಹಿಡಿಯಲಾಯಿತು. ಪರೀಕ್ಷೆ ಸುಲಭವಾದುದು. ಗೊಬ್ಬರ ಬೆರೆಸಿದ ಮಣ್ಣನ್ನು ಕೆಲವು ಕುಂಡಗಳಲ್ಲಿಯೂ ಗೊಬ್ಬರವಿಲ್ಲದ ಮಣ್ಣನ್ನು ಕೆಲವು ಕುಂಡಗಳಲ್ಲಿಯೂ ತುಂಬಿ ಎರಡರಲ್ಲಿಯೂ ಬ್ರಾಡ್ ಬೀನ್ಸ್ ಬಿತ್ತಬೇಕು. ನಾಲ್ಕು ವಾರಗಳಲ್ಲಿ ಮೊದಲನೆಯವುಗಳ ಎಲೆ ಮಾತ್ರ ಸುರುಟಿದರೆ ಆ ಗೊಬ್ಬರವನ್ನು ತೋಟಕ್ಕೆ ಹಾಕಬಾರದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ವೈಜ್ಞಾನಿಕ ಪ್ರಯೋಗದ ಸ್ವರೂಪವನ್ನು ತಿಳಿಸಲು ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಮೊದಲ ವರ್ಷದ ಬೆಳೆಗಳು

ಕನ್ನಡ ನಾಡಿನಿಂದ ಹೋಗಿ ಬ್ರಿಟನ್ನಿನಲ್ಲಿ ನೆಲಸಿದವರಿಗೆ ಅಲ್ಲಿನ ಋತುಮಾನ ಮೊದಮೊದಲು ಗೊಂದಲವನ್ನುಂಟುಮಾಡುತ್ತದೆ. ಇಲ್ಲಿ ಬೇಸಾಯವನ್ನು ಆಳುವುದು ಮಳೆ. ಅಲ್ಲಿ ಮಳೆ ವರ್ಷವಿಡೀ ಬರುತ್ತಿರುತ್ತದೆ, ಆಳುವುದು ಹಿಮ ಮತ್ತು ಬೆಳಕು. ಜೂನ್ ತಿಂಗಳಲ್ಲಿ ಹಗಲು ಹದಿನಾರು ಗಂಟೆಗಳಷ್ಟಿದ್ದರೆ ಡಿಸೆಂಬರಿನಲ್ಲಿ ಎಂಟು ಗಂಟೆಗಳಷ್ಟೆ. ಬಹಳ ಕಡೆ ಮೇ ತಿಂಗಳವರೆಗೂ ಹಿಮ ಬೀಳುವ ಭಯವಿರುತ್ತದೆ. ಆದಕಾರಣ ಏಪ್ರಿಲಿನ ಬಿಸಿಲನ್ನು ನಂಬಿ ಎಳೆಯ ಕುಂಬಳ, ಬೀನ್ಸ್ ಸಸಿಗಳನ್ನು ಹೊರಗೆ ನೆಟ್ಟವರು ಒಂದೇ ರಾತ್ರಿಯಲ್ಲಿ ಅವುಗಳನ್ನು ಕಳೆದುಕೊಳ್ಳುತ್ತಾರೆ.

ಮೊದಲ ವರ್ಷಕ್ಕೆ ಐದಾರು ಬೆಳೆಗಳು ಸಾಕು. ಅವು ಮನೆಯವರು ನಿಜವಾಗಿ ಉಣ್ಣುವ ಬೆಳೆಗಳಾಗಿರಬೇಕು. ಆಲೂಗೆಡ್ಡೆ ಹೊಸ ನೆಲಕ್ಕೆ ಒಳ್ಳೆಯದು. ಬೇಗ ಬರುವ ಜಾತಿಯ ಬಿತ್ತನೆಗೆಡ್ಡೆಗಳನ್ನು ಮೊದಲು ಬೆಳಕಿರುವ ತಂಪಾದ ಎಡೆಯಲ್ಲಿಟ್ಟು ಮೊಳಕೆ ಬರಿಸಿ, ಮಾರ್ಚ್ ಕೊನೆಯಿಂದ ಏಪ್ರಿಲಿನೊಳಗೆ, ಸಾಲಿನಲ್ಲಿ 30 ಸೆಂಟಿಮೀಟರಿಗೊಂದರಂತೆ, ಸಾಲುಗಳ ನಡುವೆ 60 ಸೆಂಟಿಮೀಟರು ಬಿಟ್ಟು ನೆಡುತ್ತಾರೆ. ಚಿಗುರು ಮೇಲೆ ಬಂದಂತೆ ಮಣ್ಣೇರಿಸಬೇಕು. ಜೂನ್ ಕೊನೆ, ಜುಲೈ ವೇಳೆಗೆ ಕೀಳಬಹುದು. ಆಲೂಗೆಡ್ಡೆಯು ನೆಲವನ್ನು ಶುದ್ಧಿ ಮಾಡುತ್ತದೆಂಬ ಮಾತು ವಾಡಿಕೆಯಲ್ಲಿದೆ. ಶುದ್ಧಿ ಮಾಡುವುದು ವಾಸ್ತವವಾಗಿ ಗೆಡ್ಡೆಯಲ್ಲ. ನೆಡುವಾಗ, ಮಣ್ಣೇರಿಸುವಾಗ, ಕೀಳುವಾಗ ಮೂರು ಬಾರಿ ಅಗೆಯಬೇಕಾಗಿ ಬರುವ ಕೈಕೆಲಸ.

ಈರುಳ್ಳಿಯನ್ನು ಬೀಜದಿಂದ ಬೆಳೆಸುವುದಕ್ಕಿಂತ ಸಣ್ಣ ಗೆಡ್ಡೆಗಳನ್ನು ಮಾರ್ಚ್–ಏಪ್ರಿಲಿನಲ್ಲಿ ನೆಡುವುದು ಹೊಸಬನಿಗೆ ಸುಲಭ. ಬ್ರಾಡ್ ಬೀನ್ಸ್ ಚಳಿಗೆ ಅಂಜದು. ಫೆಬ್ರವರಿ ಕೊನೆಯಿಂದಲೇ ಬಿತ್ತಬಹುದು. ಕೋಲಿಗೆ ಹಬ್ಬುವ ರನ್ನರ್ ಬೀನ್ಸನ್ನು ಮೇ ಮಧ್ಯದ ನಂತರವೇ ಹೊರಗೆ ಹಾಕಬೇಕು. ಕಾಯಿ ಬರತೊಡಗಿದ ಮೇಲೆ ಎರಡು-ಮೂರು ದಿನಕ್ಕೊಮ್ಮೆ ಕಿತ್ತರೆ ಮಾತ್ರ ಗಿಡ ಮತ್ತೆ ಮತ್ತೆ ಕಾಯಿ ಕೊಡುತ್ತದೆ. ಕೂರ್ಜೆಟ್ ಎಂಬ ಕುಂಬಳ ಜಾತಿಯ ಬೆಳೆಗೆ ಎರಡು ಗಿಡ ಸಾಕು. ಆರು ಗಿಡ ನೆಟ್ಟವನು ಆಗಸ್ಟಿನಲ್ಲಿ ಕಾಯಿಗಳನ್ನು ಹಂಚಲು ಮನೆಮನೆ ಅಲೆಯಬೇಕಾಗುತ್ತದೆ. ಬೆಳ್ಳುಳ್ಳಿಯನ್ನು ಅಕ್ಟೋಬರ್–ನವೆಂಬರಿನಲ್ಲಿ ನೆಟ್ಟರೆ ಮುಂದಿನ ಬೇಸಗೆಗೆ ಬರುತ್ತದೆ. ಮೆಂತ್ಯ, ಕೊತ್ತಂಬರಿಗಳನ್ನು ಏಪ್ರಿಲಿನಿಂದ ಆಗಸ್ಟಿನವರೆಗೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತ ಬಂದರೆ ಅಲ್ಲಿನ ಕನ್ನಡಿಗರ ಮನೆಗಳಿಗೆ ಊರಿನ ಪರಿಮಳವೂ ಒದಗುತ್ತದೆ. ಯಾವ ಸಾಲಿನಲ್ಲಿ ಏನು ಬೆಳೆಯಿತೆಂಬುದನ್ನು ದಿನಾಂಕದೊಡನೆ ಬರೆದಿಡಬೇಕು. ಒಂದೇ ಕುಟುಂಬದ ಬೆಳೆ ಮೂರು-ನಾಲ್ಕು ವರ್ಷದವರೆಗೆ ಅದೇ ಮಡಿಗೆ ಮರಳಬಾರದೆಂಬ ಸರದಿಯ ನಿಯಮಕ್ಕೆ ಆ ಬರಹವೇ ಆಧಾರವಾಗುತ್ತದೆ.

ನೆರೆಯ ಬೇಲಿ

ಪಾಲುತೋಟವು ಹಿತ್ತಿಲಿನಿಂದ ಭಿನ್ನವಾಗುವುದು ಇಲ್ಲಿ. ಒಬ್ಬನ ಅಲಕ್ಷ್ಯದ ಫಲ ಅವನ ಗಡಿಯೊಳಗೆ ನಿಲ್ಲುವುದಿಲ್ಲ. ಆಲೂಗೆಡ್ಡೆಯ ಅಂಗಮಾರಿ ರೋಗವನ್ನೇ ನೋಡಬಹುದು. 1845ರಿಂದ ಐರ್ಲೆಂಡಿನ ಬೆಳೆಯನ್ನು ನಾಶಮಾಡಿ ಮಹಾಕ್ಷಾಮಕ್ಕೆ ಕಾರಣವಾದ ರೋಗವಿದು. ಬೆಚ್ಚಗಿನ ತೇವದ ದಿನಗಳಲ್ಲಿ ಇದರ ಬೀಜಕಣಗಳು ಗಾಳಿಯಲ್ಲಿ ತೇಲಿ ಒಂದು ಪಾಲಿನಿಂದ ಇನ್ನೊಂದಕ್ಕೆ ಹಾರುತ್ತವೆ. ಹಿಂದಿನ ವರ್ಷ ಕೀಳದೆ ನೆಲದಲ್ಲಿ ಬಿಟ್ಟ ನಾಲ್ಕು ಗೆಡ್ಡೆಗಳು ಮರುವರ್ಷ ಇಡೀ ತೋಟಸಮೂಹಕ್ಕೆ ರೋಗದ ತವರಾಗಬಲ್ಲುವು. ಎಲೆಕೋಸು ಜಾತಿಯ ಗಿಡಗಳ ಬೇರನ್ನು ಗದೆಯಂತೆ ಊದಿಸುವ ಕ್ಲಬ್‌ರೂಟ್ ರೋಗವು ಇಪ್ಪತ್ತು ವರ್ಷದವರೆಗೂ ಮಣ್ಣಿನಲ್ಲಿ ಉಳಿಯಬಲ್ಲುದು. ಅದು ಬೂಟಿನ ಮಣ್ಣಿನೊಡನೆ, ಎರವಲು ತಂದ ಗುದ್ದಲಿಯೊಡನೆ, ಪ್ರೀತಿಯಿಂದ ಕೊಟ್ಟ ಸಸಿಯೊಡನೆ ಪಯಣಿಸುತ್ತದೆ. ಸುಣ್ಣ ಹಾಕಿ ಮಣ್ಣಿನ ಹುಳಿಯನ್ನು ತಗ್ಗಿಸಿದರೆ ಅದರ ಉಪದ್ರವ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಹೊಸಬನು ಕಲಿಯಬೇಕಾದ ಮರ್ಯಾದೆಗಳು ಬೆಳೆಯ ಪಾಠದಷ್ಟೇ ಮುಖ್ಯ. ಕಳೆ ಬೀಜಗಟ್ಟುವ ಮೊದಲೇ ಕೊಯ್ಯಬೇಕು. ಎರಡು ಪಾಲುಗಳ ನಡುವಿನ ಕಾಲುದಾರಿಯನ್ನು ತನ್ನ ಕಡೆಯಿಂದ ಹಸನಾಗಿಡಬೇಕು. ಇನ್ನೊಬ್ಬರ ಪಾಲಿನಲ್ಲಿ ಬಿದ್ದಿರುವ ಹಣ್ಣನ್ನು ಕೂಡ ಅಪ್ಪಣೆಯಿಲ್ಲದೆ ಮುಟ್ಟಬಾರದು. ತೊಟ್ಟಿಯಲ್ಲಿ ಮಣ್ಣಿನ ಸಾಮಾನು ತೊಳೆಯಬಾರದು. ಹೋಗುವಾಗ ಬಾಗಿಲಿಗೆ ಬೀಗ ಹಾಕಬೇಕು. ಸಂಘವು ಕರೆಯುವ ಶ್ರಮದಾನದ ದಿನ ತಪ್ಪದೆ ಹೋಗಬೇಕು. ಆ ದಿನದ ಮಾತುಕತೆಯಲ್ಲಿ ದೊರೆಯುವ ತಿಳಿವು, ಸಸಿ, ಬೀಜಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಕಾಯಿಲೆಯೋ ಮನೆಯ ತೊಂದರೆಯೋ ಬಂದು ತೋಟಕ್ಕೆ ಬರಲಾಗದಿದ್ದರೆ ಕಾರ್ಯದರ್ಶಿಗೆ ಒಂದು ಸಾಲು ಬರೆದು ತಿಳಿಸಬೇಕು. ತಿಳಿಸಿದವನಿಗೆ ನೆರೆಯವರು ನೀರು ಹಾಕಿ ಪಾಲನ್ನು ಉಳಿಸಿಕೊಡಬಹುದು. ಮೌನವಾಗಿ ಉಳಿದವನಿಗೆ ಬರುವುದು ತೆರವಿನ ಸೂಚನೆ. ಇಬ್ಬರ ಕಷ್ಟವೂ ಒಂದೇ ಆಗಿದ್ದರೂ ಫಲ ಬೇರೆಯಾಗುತ್ತದೆ.

ಶಾಲೆಗಳಿಗೆ ಒಂದು ಪಾಠ

ಪಾಲುತೋಟವೆಂದರೆ ಏನೆಂಬುದನ್ನು 1922ರ ಶಾಸನವು ಹೀಗೆ ನಿರೂಪಿಸುತ್ತದೆ: ನಲವತ್ತು ಚದರ ಪೋಲ್, ಎಂದರೆ ಹತ್ತು ಗುಂಟೆಯನ್ನು ಮೀರದ, ಹಿಡುವಳಿದಾರನು ಮುಖ್ಯವಾಗಿ ತಾನೇ ದುಡಿದು ತನ್ನ ಮತ್ತು ತನ್ನ ಕುಟುಂಬದ ಬಳಕೆಗೆ ಕಾಯಿಪಲ್ಯ, ಹಣ್ಣು ಬೆಳೆಯುವ ನೆಲ. ದುಡಿಮೆ ತನ್ನದೇ ಆಗಿರಬೇಕು. ಬೆಳೆ ವ್ಯಾಪಾರಕ್ಕಾಗಿ ಇರಬಾರದು. ಮಿಕ್ಕಿದುದನ್ನು ನೆರೆಯವರಿಗೂ ಹಸಿದವರಿಗೂ ಹಂಚುವ ಪದ್ಧತಿ ಎಷ್ಟೋ ತೋಟಗಳಲ್ಲಿ ತಾನಾಗಿ ಬೆಳೆದುಬಂದಿದೆ. ಕಾಯಕ, ದಾಸೋಹಗಳೆಂಬ ಮಾತುಗಳನ್ನು ಅರಿಯದ ನಾಡಿನಲ್ಲಿ, ಬೇರೆಯದೇ ಇತಿಹಾಸದಿಂದ, ಇವೆರಡಕ್ಕೂ ಸಮೀಪವಾದ ಒಂದು ನಡೆ ರೂಪುಗೊಂಡಿರುವುದು ಶರಣತತ್ತ್ವವನ್ನು ಬಲ್ಲ ಓದುಗರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಇವೆರಡೂ ಒಂದೇ ಎಂದು ಹೇಳಬೇಕಾದುದಿಲ್ಲ. ಒಂದು ಧರ್ಮದ ಆಚರಣೆ, ಇನ್ನೊಂದು ಕಾನೂನಿನ ಏರ್ಪಾಡು. ಆದರೆ ಕೈಗೆ ಮಣ್ಣು ಹತ್ತಿಸಿಕೊಳ್ಳುವುದರಲ್ಲಿ ಕೀಳೆಂಬುದಿಲ್ಲವೆಂಬ ಅರಿವು ಎರಡರಲ್ಲಿಯೂ ಇದೆ.

ಲೈಪ್‌ಜಿಗ್ಗಿನ ಮಕ್ಕಳ ಮಡಿಗಳ ಕಥೆಯಲ್ಲಿ ಈ ನಾಡಿನ ಶಾಲೆಗಳಿಗೂ ಒಂದು ಎಚ್ಚರಿಕೆಯಿದೆ. ಶಾಲೆಯ ಆವರಣದಲ್ಲಿ ಕೈತೋಟ ಹಾಕುವ ಉತ್ಸಾಹ ಜೂನ್ ತಿಂಗಳಲ್ಲಿ ಎಲ್ಲೆಡೆಯೂ ಕಾಣುತ್ತದೆ. ಮಳೆಗಾಲ ಅದನ್ನು ಪೋಷಿಸುತ್ತದೆ. ಪರೀಕ್ಷೆ ಮುಗಿದು ಬೇಸಗೆಯ ರಜೆ ಬಂದಾಗ ಮಕ್ಕಳು ಊರಿಗೆ ಹೋಗುತ್ತಾರೆ. ಬಿಸಿಲು ಅತ್ಯುಗ್ರವಾಗಿರುವ ಏಪ್ರಿಲ್–ಮೇ ತಿಂಗಳುಗಳಲ್ಲಿಯೇ ನೀರು ಹಾಕುವವರು ಇಲ್ಲದಾಗುತ್ತಾರೆ. ಮಕ್ಕಳಿಗೆ ಶ್ರದ್ಧೆಯಿಲ್ಲವೆಂದು ದೂರುವುದು ಸುಲಭ. ಆದರೆ ಕೊರತೆಯಿರುವುದು ಶ್ರದ್ಧೆಯಲ್ಲಲ್ಲ, ಏರ್ಪಾಡಿನಲ್ಲಿ. ಎಷ್ಟು ನೆಲವನ್ನು ವರ್ಷವಿಡೀ ನೋಡಿಕೊಳ್ಳಬಹುದೋ ಅಷ್ಟನ್ನೇ ಅಗೆಯುವುದು, ಪ್ರತಿ ಮಡಿಗೂ ಹೆಸರು ಹಿಡಿದು ಹೊಣೆ ಹಂಚುವುದು, ರಜೆಯ ಸರದಿಯನ್ನು ಊರಿನಲ್ಲಿಯೇ ಇರುವ ಪೋಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಮೊದಲೇ ವಹಿಸುವುದು, ಬೆಳೆದುದನ್ನು ಪ್ರಸಾದನಿಲಯದ ಅಡುಗೆಗೆ ಒಪ್ಪಿಸಿ ಅದರ ಲೆಕ್ಕವನ್ನು ಮಕ್ಕಳಿಂದಲೇ ಬರೆಯಿಸುವುದು ಇವು ಪಾಲುತೋಟದ ಅನುಭವದಿಂದ ನೇರವಾಗಿ ದೊರೆಯುವ ಕ್ರಮಗಳು. ನೆಲವನ್ನು ದಾನ ಮಾಡುವವರೂ ಕೊಳವೆಬಾವಿ ತೋಡಿಸಿಕೊಡುವವರೂ ದೊರೆಯುತ್ತಾರೆ. ಆ ನೆಲವನ್ನು ಮೇ ತಿಂಗಳಿನಲ್ಲಿ ನೋಡಿಕೊಳ್ಳುವವರು ಯಾರೆಂಬುದನ್ನು ಆರಂಭದಲ್ಲಿಯೇ ನಿಶ್ಚಯಿಸಿಕೊಂಡಲ್ಲಿ ಮಾತ್ರ ಆ ದಾನ ಫಲಿಸುತ್ತದೆ.

ಮೊದಲ ವರ್ಷದ ಕೊನೆಯಲ್ಲಿ ಹೊಸ ಸದಸ್ಯನ ಬಳಿ ಇರಬೇಕಾದುದು ಬುಟ್ಟಿಗಟ್ಟಲೆ ಕಾಯಿಪಲ್ಯವಲ್ಲ. ಕಳೆಯಿಂದ ಬಿಡಿಸಿದ ಕಾಲು ಭಾಗದ ನೆಲ, ಅರ್ಧ ತುಂಬಿದ ಗೊಬ್ಬರದ ಗೂಡು, ಬಿತ್ತಿದ ಮತ್ತು ಕೊಯ್ದ ದಿನಗಳನ್ನು ಬರೆದ ಒಂದು ಪುಸ್ತಕ, ಹೆಸರು ಹಿಡಿದು ಕರೆಯಬಲ್ಲ ನಾಲ್ಕು ಮಂದಿ ನೆರೆಯವರು, ಇಷ್ಟಿದ್ದರೆ ಎರಡನೆಯ ವರ್ಷ ಅವನು ತೋಟವನ್ನು ಬಿಟ್ಟುಹೋಗುವ ಸಂಭವ ಕಡಿಮೆ.